ಬಂದೂಕು ಮಾವನವರದು, ಚಿಂತೆ ಸೊಸೆಯದು

ರಾಯಬಾಗದ ಅಕ್ಕನವರಿಗೆ,

ಕಬ್ಬಿಗೆ ಬೀಳುವ ಹಂದಿ ಬೆದರಿಸಲೆಂದು ಮಾವನವರು ಪರವಾನಗಿ ಪಡೆದ ಬಂದೂಕು ಪಡಸಾಲೆಯ ಗೂಟಕ್ಕೆ ನೇತಾಡುತ್ತಿದೆ. ಸಾಲದ ಚಿಂತೆಯಲ್ಲಿ ನಿಮ್ಮ ಯಜಮಾನರು ‘ನಾ ಇದ್ದು ಏನು ಉಪಯೋಗ’ ಅನ್ನುತ್ತಿದ್ದಾರೆ. ಇವೆರಡೂ ಒಂದೇ ಮನೆಯಲ್ಲಿರುವಾಗ ಕೀಲಿ ಎಲ್ಲಿಡಬೇಕೆಂಬ ಚರ್ಚೆ ಆಮೇಲೆ. ಮೊದಲು ಬಂದೂಕು ಮನೆಯಿಂದ ಹೊರಗೆ ಹೋಗಲಿ.

ನೀವೇ ಹೊತ್ತು ಒಯ್ಯಬೇಡಿ. ಪರವಾನಗಿ ಮಾವನವರ ಹೆಸರಲ್ಲಿದೆ; ಅವರೇ ಠಾಣೆಗೋ ಪರವಾನಗಿಯುಳ್ಳ ಬಂದೂಕು ಅಂಗಡಿಗೋ ಕೊಟ್ಟು ರಸೀದಿ ತರಲಿ. ಮರ್ಯಾದೆ ಪ್ರಶ್ನೆ ಅಂದಾರು. ಚುನಾವಣೆ ಕಾಲಕ್ಕೆ ಬಂದೂಕು ಠಾಣೆಗೆ ಒಪ್ಪಿಸುವುದು ಅಥಣಿ, ಚಿಕ್ಕೋಡಿ ಕಡೆಯವರಿಗೆ ಹೊಸದೇ? ಸೊಸೆಯ ಬಾಯಲ್ಲಿ ಈ ಮಾತು ಕಷ್ಟವಾದರೆ ಅತ್ತೆಯವರಿಂದ ಹೇಳಿಸಿ.

ಇನ್ನೊಂದು, ನಮ್ಮ ಮನೆಗಳಲ್ಲಿ ಬಂದೂಕಿಗಿಂತ ಕೈಗೆ ಹತ್ತಿರ ಇರುವುದು ಕೀಟನಾಶಕದ ಡಬ್ಬಿ. ಅದಕ್ಕೂ ಇವತ್ತೇ ಬೀಗ ಹಾಕಿ. ‘ಸಾಯುವ ವಿಚಾರ ಬರುತ್ತಿದೆಯೇ’ ಎಂದು ಯಜಮಾನರನ್ನು ನೇರವಾಗಿ ಕೇಳಿ. ಕೇಳಿದರೆ ಅದೇ ತಲೆಗೆ ಹೊಕ್ಕೀತೆಂಬ ಹೆದರಿಕೆ ಬೇಡ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416 ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅವರು ಒಲ್ಲೆನೆಂದರೆ ನೀವೇ ಕರೆ ಮಾಡಿ.

ಮುಂದೆಂದಾದರೂ ಬಂದೂಕು ಮರಳಿ ತಂದರೆ, ಖಾಲಿ ಮಾಡಿ ತಿಜೋರಿಯಲ್ಲಿಡಲಿ. ಮದ್ದುಗುಂಡು ಬೇರೆ ಬೀಗದಲ್ಲಿ, ಕೀಲಿ ಮಾವನವರ ಉಡಿದಾರದಲ್ಲಿ. ಖಂಡೇನವಮಿ ಪೂಜೆಗೂ ಖಾಲಿ ಬಂದೂಕೇ. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ, ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲಾಗಬಹುದು ಎಂಬುದನ್ನೂ ಮೈದುನನ ಕಿವಿಗೆ ಹಾಕಿ.