ಕರೆಂಟ್ ಹೋಗಿ ಬಂದ ಮೇಲೆ: ಫ್ರೀಜರ್‌ನಲ್ಲಿದ್ದದ್ದನ್ನು ಇಡಬೇಕೋ, ಚೆಲ್ಲಬೇಕೋ?



ಪ್ರತಿ ಸಲ ದನದ ಕೊಟ್ಟಿಗೆಯ ಮಾತು ಆಡುತ್ತೇವೆ. ಈ ಸಲ ಅಡುಗೆಮನೆಯ ಫ್ರಿಜ್ ಹತ್ತಿರ ಹೋಗೋಣ. ಒಂದು ಕರುವಿನ ಸಾವು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಯಿತು.

ಕಳೆದ ಮಳೆಗಾಲದಲ್ಲಿ ಹಿಪ್ಪರಗಿ ಹತ್ತಿರದ ಒಂದು ತೋಟದ ಮನೆಯಿಂದ ಫೋನ್ ಬಂತು. ಚೊಚ್ಚಲ ಎಚ್.ಎಫ್. ಆಕಳು ಈದಿತ್ತು. ಕೆಚ್ಚಲು ಬಾವು ಇದ್ದುದರಿಂದ ಗಿಣ್ಣದ ಹಾಲು ಸರಿಯಾಗಿ ಬಂದಿರಲಿಲ್ಲ. ಆ ಮನೆಯ ಅಕ್ಕ ತಿಳಿವಳಿಕೆ ಉಳ್ಳವರು. ಹಿಂದೆ ಇನ್ನೊಂದು ಆಕಳು ಈದಾಗ ಹೆಚ್ಚಾದ ಗಿಣ್ಣದ ಹಾಲನ್ನು ಬಾಟಲಿಗೆ ತುಂಬಿ ಫ್ರೀಜರ್‌ನಲ್ಲಿ ಗಡ್ಡೆ ಕಟ್ಟಿಸಿ ಇಟ್ಟಿದ್ದರು. ಇದು ನಾವೇ ತರಬೇತಿಯಲ್ಲಿ ಹೇಳಿಕೊಟ್ಟ ಪಾಠ. ಅದನ್ನು ಕರಗಿಸಿ ಕರುವಿಗೆ ಕುಡಿಸಿದ್ದರು. ಎರಡನೇ ದಿನ ಕರುವಿಗೆ ಭೇದಿ ಶುರುವಾಯಿತು. ಸಲೈನ್ ಹಾಕಿದೆ, ಔಷಧ ಕೊಟ್ಟೆ. ನಾಲ್ಕನೇ ದಿನ ಬೆಳಗ್ಗೆ ಹೋಯಿತು. ಹೆಣ್ಣುಗರು.

ವಿಚಾರಿಸಿದಾಗ ಒಂದು ವಿಷಯ ಹೊರಬಿತ್ತು. ಅದಕ್ಕೆ ಹತ್ತು ದಿನ ಮೊದಲು ಮನೆಯವರೆಲ್ಲ ಮದುವೆಗೆಂದು ಊರಿಗೆ ಹೋಗಿದ್ದರು. ಗಾಳಿಮಳೆಗೆ ಕಂಬ ಬಿದ್ದು ಒಂದೂವರೆ ದಿನ ಕರೆಂಟ್ ಇರಲಿಲ್ಲ. ಅವರು ತಿರುಗಿ ಬರುವಷ್ಟರಲ್ಲಿ ಕರೆಂಟ್ ಬಂದು, ಎಲ್ಲ ಮತ್ತೆ ಕಲ್ಲಿನಂತೆ ಗಟ್ಟಿಯಾಗಿತ್ತು. ಕರುವಿನ ಭೇದಿಗೆ ಬೇರೆ ಕಾರಣಗಳೂ ಇರುತ್ತವೆ, ಆದ್ದರಿಂದ ಇದೊಂದೇ ಕಾರಣ ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಕರಗಿ, ಬೆಚ್ಚಗಾಗಿ, ಮತ್ತೆ ಗಡ್ಡೆ ಕಟ್ಟಿದ ಆ ಹಾಲನ್ನು ಕುಡಿಸಬಾರದಿತ್ತು ಎಂಬುದು ಖಂಡಿತ.

ಆ ಅಕ್ಕ ನನ್ನನ್ನು ಕೇಳಿದ್ದು ಇಷ್ಟೇ: “ಡಾಕ್ಟರ್ರ, ಗಡ್ಡಿ ಗಡ್ಡಿನೇ ಇತ್ತಲ್ರಿ, ವಾಸನಿನೂ ಬರ್ತಿರಲಿಲ್ಲ. ಕೆಟ್ಟೈತಿ ಅಂತ ನಮಗ ಹೆಂಗ ಗೊತ್ತಾಗಬೇಕ್ರಿ?”

ಪ್ರಶ್ನೆ ಸರಿಯಾಗಿಯೇ ಇದೆ. ಗಡ್ಡೆ ಕಟ್ಟಿಸಿ ಇಡಿ ಎಂದು ಹೇಳಿಕೊಟ್ಟ ನಾವು, ಕರೆಂಟ್ ಹೋದರೆ ಏನು ಮಾಡಬೇಕು ಎಂಬುದನ್ನು ಹೇಳಿಕೊಟ್ಟಿರಲಿಲ್ಲ. ಆ ಉಳಿದ ಪಾಠ ಇಲ್ಲಿದೆ. ಇದು ಕರುವಿಗೆ ಎಷ್ಟು ಅನ್ವಯಿಸುತ್ತದೋ ನಿಮ್ಮ ಮಕ್ಕಳ ತಟ್ಟೆಗೂ ಅಷ್ಟೇ ಅನ್ವಯಿಸುತ್ತದೆ.

ಚಳಿಗೆ ರೋಗಾಣು ಸಾಯುವುದಿಲ್ಲ

ಫ್ರೀಜರ್‌ನ ಒಳಗೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರಬೇಕು. ಕೆಳಗಿನ ಫ್ರಿಜ್ ಭಾಗದಲ್ಲಿ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಗಡ್ಡೆ ಕಟ್ಟಿದಾಗ ರೋಗಾಣುಗಳು ಬೆಳೆಯುವುದನ್ನು ನಿಲ್ಲಿಸುತ್ತವೆ, ಆದರೆ ಹೆಚ್ಚಿನವು ಸಾಯುವುದಿಲ್ಲ. ಬೇಸಿಗೆಯಲ್ಲಿ ಒಣಗಿ ಮಲಗಿದ ಗರಿಕೆ ಮೊದಲ ಮಳೆಗೆ ಚಿಗುರುವಂತೆ, ಆಹಾರ ಕರಗಿ ಬೆಚ್ಚಗಾದ ಕೂಡಲೇ ಅವು ಎದ್ದು ಕೂರುತ್ತವೆ.

ಅನುಕೂಲದ ಬಿಸುಪು ಸಿಕ್ಕರೆ ಕೆಲವು ರೋಗಾಣುಗಳು ಸುಮಾರು 20 ನಿಮಿಷಕ್ಕೊಮ್ಮೆ ಎರಡು ಪಟ್ಟಾಗುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಇದೇ ಲೆಕ್ಕದಲ್ಲಿ 6 ಗಂಟೆ ನಡೆದರೆ ಒಂದೇ ಒಂದು ರೋಗಾಣು ಎರಡೂವರೆ ಲಕ್ಷ ದಾಟುತ್ತದೆ. ಆಮೇಲೆ ಕರೆಂಟ್ ಬಂದು ಮತ್ತೆ ಗಡ್ಡೆ ಕಟ್ಟಿದರೆ ಆ ಎರಡೂವರೆ ಲಕ್ಷವೂ ಗಡ್ಡೆಯೊಳಗೆ ಹಾಗೆಯೇ ಉಳಿಯುತ್ತವೆ. ಆದ್ದರಿಂದ “ಈಗ ಗಟ್ಟಿಯಾಗಿದೆ” ಎಂಬುದು ಕೆಟ್ಟಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಮೂಗನ್ನು, ನಾಲಿಗೆಯನ್ನು ನಂಬಬೇಡಿ

ಹಾಲನ್ನು ಹುಳಿ ಮಾಡುವ, ವಾಸನೆ ಬರಿಸುವ ಜೀವಿಗಳೇ ಬೇರೆ, ರೋಗ ತರುವ ಜೀವಿಗಳೇ ಬೇರೆ. ಎರಡನೆಯವು ಎಷ್ಟೋ ಸಲ ಬಣ್ಣ, ವಾಸನೆ, ರುಚಿ ಯಾವುದನ್ನೂ ಬದಲಿಸುವುದಿಲ್ಲ. ಕೆಟ್ಟಿದೆಯೋ ಇಲ್ಲವೋ ಎಂದು ಬಾಯಿಗೆ ಹಾಕಿ ನೋಡುವುದಂತೂ ಬೇಡವೇ ಬೇಡ.

“ಕುದಿಸಿಬಿಟ್ಟರೆ ಆಯಿತಲ್ಲ?” ಎಂದು ಕೇಳುವವರಿದ್ದಾರೆ. ಕೆಚ್ಚಲು ಬಾವು ತರುವ ಸ್ಟ್ಯಾಫಿಲೋಕಾಕಸ್ ಎಂಬ ರೋಗಾಣು ನಿಮಗೆ ಗೊತ್ತಿರುವುದೇ. ಅದು ನಮ್ಮ ಕೈಯ ಗಾಯದಲ್ಲಿ, ಮೂಗಿನಲ್ಲಿಯೂ ಇರುತ್ತದೆ. ಬೆಚ್ಚಗಿನ ಆಹಾರದಲ್ಲಿ ಬೆಳೆದಾಗ ಅದು ಒಂದು ವಿಷವನ್ನು ಬಿಡುತ್ತದೆ. ಕುದಿಸಿದರೆ ರೋಗಾಣು ಸಾಯುತ್ತದೆ, ವಿಷ ಉಳಿಯುತ್ತದೆ.

ಇದಕ್ಕೆ ಹಾಲಿನ ಲೋಕದಲ್ಲೇ ದೊಡ್ಡ ಉದಾಹರಣೆಯಿದೆ. 2000ನೇ ಇಸವಿಯ ಮಾರ್ಚ್ 31ರಂದು ಜಪಾನಿನ ಹೊಕ್ಕೈಡೊದಲ್ಲಿ ಸ್ನೋ ಬ್ರ್ಯಾಂಡ್ ಕಂಪನಿಯ ಒಂದು ಹಾಲಿನ ಪುಡಿ ಕಾರ್ಖಾನೆಯಲ್ಲಿ ಸುಮಾರು 3 ಗಂಟೆ ಕರೆಂಟ್ ಹೋಯಿತು. ಯಂತ್ರದೊಳಗಿದ್ದ ಹಾಲು ತಂಪಿಲ್ಲದೆ ನಿಂತಿತು. ಕರೆಂಟ್ ಬಂದ ಮೇಲೆ ಆ ಹಾಲನ್ನು ಚೆಲ್ಲದೆ ಪುಡಿ ಮಾಡಿದರು. ಮುಂದೆ ಒಸಾಕಾದಲ್ಲಿ ಆ ಪುಡಿ ಸೇರಿದ ಕಡಿಮೆ ಕೊಬ್ಬಿನ ಹಾಲು ಕುಡಿದು 13,000ಕ್ಕಿಂತ ಹೆಚ್ಚು ಜನ ಕಾಯಿಲೆ ಬಿದ್ದರು. ಹಾಲನ್ನು ಪಾಶ್ಚರೀಕರಣ ಮಾಡಲಾಗಿತ್ತು, ಆದರೂ ವಿಷ ಉಳಿದಿತ್ತು. ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಆದದ್ದು ನಮ್ಮ ಮನೆಯ ಫ್ರಿಜ್‌ನಲ್ಲಿ ಆಗುವುದು ಕಷ್ಟವೇನಲ್ಲ.

ಕೇಳಬೇಕಾದ ಪ್ರಶ್ನೆ ಎರಡೇ

ಒಂದು, ಎಷ್ಟು ಬೆಚ್ಚಗಾಗಿತ್ತು? ಎರಡು, ಎಷ್ಟು ಹೊತ್ತು ಹಾಗಿತ್ತು? ಈ ಎರಡಕ್ಕೆ ಉತ್ತರ ಗೊತ್ತಿದ್ದರೆ ತೀರ್ಮಾನ ಸುಲಭ.

ಬಾಗಿಲು ತೆರೆಯದೆ ಇದ್ದರೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ ಫ್ರೀಜರ್ ಸುಮಾರು 24 ಗಂಟೆ ತಂಪು ಹಿಡಿದಿಡುತ್ತದೆ. ಕೆಳಗಿನ ಫ್ರಿಜ್ ಭಾಗ ಸುಮಾರು 4 ಗಂಟೆ ಮಾತ್ರ. ಆದರೆ ಇದು ಪ್ರತ್ಯೇಕ ದೊಡ್ಡ ಫ್ರೀಜರ್‌ನ ಲೆಕ್ಕ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಇರುವುದು ಸಿಂಗಲ್ ಡೋರ್ ಫ್ರಿಜ್‌ನ ಮೇಲಿನ ಸಣ್ಣ ಐಸ್ ಪೆಟ್ಟಿಗೆ. ಅದು ಇಷ್ಟು ಹೊತ್ತು ತಡೆಯುವುದಿಲ್ಲ. ಅದರಲ್ಲೂ ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಗಡಿಯಾರದ ಲೆಕ್ಕಕ್ಕಿಂತ ಒಳಗಿನ ಐಸ್ ನೋಡಿಯೇ ತೀರ್ಮಾನಿಸಬೇಕು.

ಐಸ್ ಯಾಕೆ ಮುಖ್ಯ? ಐಸ್ ಕರಗಲು ಬಹಳ ಶಾಖ ಬೇಕು. 1 ಕಿಲೋ ಐಸ್ ಕರಗಿಸುವ ಶಾಖದಲ್ಲಿ 20 ಡಿಗ್ರಿಯ 1 ಲೀಟರ್ ನೀರನ್ನು ಕುದಿಯುವವರೆಗೆ ಕಾಯಿಸಬಹುದು. ಹಾಗಾಗಿ ಪದಾರ್ಥದ ಒಳಗೆ ಐಸಿನ ಹರಳು ಉಳಿದಿರುವವರೆಗೆ ಅದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ.

ತೀರ್ಮಾನ ಹೀಗೆ ಮಾಡಿ

1. ಇನ್ನೂ ಗಟ್ಟಿಯಾಗಿದ್ದರೆ ಅಥವಾ ಮುರಿದು ನೋಡಿದಾಗ ಒಳಗೆ ಐಸಿನ ಹರಳು ಇದ್ದರೆ ಮತ್ತೆ ಗಡ್ಡೆ ಕಟ್ಟಿಸಬಹುದು. ಮಾಂಸ, ಬಟಾಣಿ, ಕಾಯಿಪಲ್ಲೆಗಳಿಗೆ ಇದು ಸರಿ. ರುಚಿ ಸ್ವಲ್ಪ ಕಡಿಮೆಯಾಗಬಹುದು, ಅಪಾಯವಿಲ್ಲ.

2. ಐಸ್ ಕರಗಿದೆ, ಆದರೆ ನೀವು ಮನೆಯಲ್ಲೇ ಇದ್ದು ಈಗಷ್ಟೇ ಕರಗಿದ್ದನ್ನು ಕಂಡಿದ್ದೀರಿ, ಮುಟ್ಟಿದರೆ ಫ್ರಿಜ್‌ನ ನೀರಿನಷ್ಟೇ ತಣ್ಣಗಿದೆ ಎಂದರೆ ತಡಮಾಡದೆ ಚೆನ್ನಾಗಿ ಬೇಯಿಸಿ ಅದೇ ಹೊತ್ತಿಗೆ ಊಟ ಮಾಡಿ. ಮತ್ತೆ ಗಡ್ಡೆ ಕಟ್ಟಿಸಬೇಡಿ.

3. ತಂಪು ಹೋಗಿ 2 ಗಂಟೆ ದಾಟಿದ್ದರೆ ಚೆಲ್ಲಿ. ಬಿರುಬಿಸಿಲಿನ ದಿನಗಳಲ್ಲಿ 1 ಗಂಟೆಯೇ ಗಡುವು. ಮಾಂಸ, ಕೋಳಿ, ಮೀನು, ಮೊಟ್ಟೆಯ ಪದಾರ್ಥ, ಹಾಲು, ಖೋವಾ, ಪನೀರ್, ಬಾಸುಂದಿ, ಮಾಡಿಟ್ಟ ಅನ್ನ, ಸಾರು, ಪಲ್ಯ ಎಲ್ಲಕ್ಕೂ ಇದೇ ನಿಯಮ.

4. ಎಷ್ಟು ಹೊತ್ತು ಎಂಬುದೇ ಗೊತ್ತಿಲ್ಲದಿದ್ದರೂ ಚೆಲ್ಲಿ.

5. ಐಸ್‌ಕ್ರೀಂ ಒಮ್ಮೆ ಕರಗಿದ್ದರೆ ಮತ್ತೆ ಗಟ್ಟಿ ಮಾಡಿ ಮಕ್ಕಳಿಗೆ ಕೊಡಬೇಡಿ.

6. ಬೆಣ್ಣೆಗೆ ಅಷ್ಟು ಹೆದರಬೇಕಿಲ್ಲ. ಮೆತ್ತಗಾಗಿದ್ದರೆ ಅದೇ ದಿನ ಕಾಯಿಸಿ ತುಪ್ಪ ಮಾಡಿಕೊಳ್ಳಿ. ತುಪ್ಪ, ಉಪ್ಪಿನಕಾಯಿ, ಇಡಿಯ ಕಾಯಿಪಲ್ಲೆಗಳಿಗೆ ತೊಂದರೆಯಿಲ್ಲ.

ಬಟ್ಟಲು ಮತ್ತು ನಾಣ್ಯ

ಮನೆಯಲ್ಲಿ ಯಾರೂ ಇಲ್ಲದಾಗ ಕರೆಂಟ್ ಹೋಗಿ ಬಂದರೆ ಗೊತ್ತಾಗುವುದು ಹೇಗೆ? ಆ ಅಕ್ಕನ ಪ್ರಶ್ನೆಗೆ ಖರ್ಚಿಲ್ಲದ ಉತ್ತರವಿದೆ. ಒಂದು ಸಣ್ಣ ಸ್ಟೀಲ್ ಬಟ್ಟಲಿನಲ್ಲಿ ನೀರು ಹಾಕಿ ಫ್ರೀಜರ್‌ನಲ್ಲಿ ಗಡ್ಡೆ ಕಟ್ಟಿಸಿ. ಗಡ್ಡೆಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟುಬಿಡಿ. ಅದು ಸದಾ ಅಲ್ಲೇ ಇರಲಿ.

ಊರಿಂದ ಬಂದಾಗ ನಾಣ್ಯ ಮೇಲೆಯೇ ಇದ್ದರೆ ಐಸ್ ಕರಗಿಲ್ಲ. ನಾಣ್ಯ ಬಟ್ಟಲಿನ ತಳದಲ್ಲಿ ಹೂತು ಮೇಲೆ ಐಸ್ ಕಟ್ಟಿದ್ದರೆ, ಎಲ್ಲ ಕರಗಿ ಮತ್ತೆ ಗಡ್ಡೆ ಕಟ್ಟಿದೆ ಎಂದರ್ಥ. ಎಷ್ಟು ಹೊತ್ತು ಕರಗಿತ್ತೆಂದು ನಾಣ್ಯ ಹೇಳುವುದಿಲ್ಲ, ಆದ್ದರಿಂದ ಮೇಲಿನ 4ನೇ ನಿಯಮ ಪಾಲಿಸಿ. ನಡುವೆ ನಿಂತಿದ್ದರೆ ಐಸ್ ಅರ್ಧ ಕರಗಿತ್ತು. ಆಗ ಬಟ್ಟಲಿಗಿಂತ ಸಣ್ಣದಾದ, ಬಾಗಿಲ ಕಡೆ ಇದ್ದ ಪೊಟ್ಟಣಗಳನ್ನು ತೆಗೆದುಹಾಕಿ. ಗಿಣ್ಣದ ಹಾಲಿದ್ದರೆ ಕರುವಿಗೆ ಕೊಡುವ ಧೈರ್ಯ ಮಾಡಬೇಡಿ.

ಗಿಣ್ಣದ ಹಾಲು ಇಡುವವರಿಗೆ

ಇಷ್ಟು ಓದಿ ಗಿಣ್ಣದ ಹಾಲು ಇಡುವುದನ್ನೇ ಬಿಡಬೇಡಿ. ಹುಟ್ಟಿದ ಕರುವಿಗೆ ಮೊದಲ 2 ಗಂಟೆಯೊಳಗೆ ಗಿಣ್ಣದ ಹಾಲು ಬೀಳಲೇಬೇಕು. ತೂಕದ ಹತ್ತನೇ ಒಂದು ಭಾಗ, ಅಂದರೆ 30 ಕಿಲೋ ಕರುವಿಗೆ 3 ಲೀಟರ್. ಹೊತ್ತು ಕಳೆದಂತೆ ರೋಗನಿರೋಧಕ ಶಕ್ತಿಯನ್ನು ಹೀರಿಕೊಳ್ಳುವ ಬಲ ಕರುಳಿಗೆ ಕಡಿಮೆಯಾಗುತ್ತದೆ, ಒಂದು ದಿನದ ನಂತರ ಉಳಿಯುವುದೇ ಇಲ್ಲ. ತಾಯಿಗೆ ಹಾಲಿಲ್ಲದಿದ್ದಾಗ ಫ್ರೀಜರ್‌ನ ಬಾಟಲಿಯೇ ಕರುವಿನ ಜೀವ ಉಳಿಸುತ್ತದೆ.

ಕೆಚ್ಚಲು ಬಾವು ಇಲ್ಲದ, ಆರೋಗ್ಯವಂತ ಆಕಳಿನ ಮೊದಲ ಹಿಂಡಿನ ಹಾಲನ್ನು ಮಾತ್ರ ಇಡಿ. ಬಿಸಿನೀರಿನಲ್ಲಿ ತೊಳೆದ ಬಾಟಲಿಗೆ ತುಂಬಿ, ದಿನಾಂಕ ಬರೆದು ಅಂಟಿಸಿ. ಕರಗಿಸುವಾಗ ಕೈಗೆ ತಾಳುವಷ್ಟು ಬಿಸಿನೀರಿನಲ್ಲಿ, 50 ಡಿಗ್ರಿ ಮೀರದಂತೆ, ಬಾಟಲಿಯನ್ನು ನಿಲ್ಲಿಸಿ. ಒಲೆಯ ಮೇಲೆ ಕಾಯಿಸಿದರೆ ಹಾಲು ಒಡೆಯುತ್ತದೆ, ರೋಗನಿರೋಧಕ ಅಂಶ ಹಾಳಾಗುತ್ತದೆ. ಹಾಗಾಗಿ ಕೆಟ್ಟ ಗಿಣ್ಣದ ಹಾಲನ್ನು ಕುದಿಸಿ ಸರಿಪಡಿಸುವ ದಾರಿಯೇ ಇಲ್ಲ. ಕಣ್ಣೆದುರೇ ಕರಗಿ ಇನ್ನೂ ತಣ್ಣಗಿದ್ದರೆ ಅದೇ ದಿನ ಕರುವಿಗೆ ಕುಡಿಸಿ. ಮತ್ತೆ ಗಡ್ಡೆ ಕಟ್ಟಿಸಬೇಡಿ.

ಚೆಲ್ಲಬೇಕಾಗಿ ಬಂದರೆ ನಿಮ್ಮೂರಿನ ಡೇರಿಯಲ್ಲಿ ಕೇಳಿ. ಬೆಳಗ್ಗೆ ಹಾಲು ಹಾಕಲು ಬಂದವರಲ್ಲಿ ಯಾರ ಮನೆಯಲ್ಲಿ ಆಕಳು, ಎಮ್ಮೆ ಈದಿದೆ ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಹಸಿ ಗಿಣ್ಣದ ಹಾಲು ಒಂದು ಲೀಟರ್ ಸಿಕ್ಕರೂ ಅನುಮಾನದ ಮೂರು ಲೀಟರಿಗಿಂತ ಮೇಲು.

ಲಸಿಕೆಯ ಲೆಕ್ಕ ಬೇರೆ

ಕಾಲುಬಾಯಿ ಬೇನೆಯ ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಅದು ಬೆಚ್ಚಗಾಗಲೂ ಬಾರದು, ಗಡ್ಡೆ ಕಟ್ಟಲೂ ಬಾರದು. ಒಮ್ಮೆ ಗಡ್ಡೆ ಕಟ್ಟಿದ ಬಾಟಲಿ ಕರಗಿದ ಮೇಲೆ ಕೆಲಸಕ್ಕೆ ಬರುವುದಿಲ್ಲ. ಅಂಥದ್ದು ಕಂಡರೆ ಬಳಸದೆ ನಮ್ಮ ಸಿಬ್ಬಂದಿಗೆ ತೋರಿಸಿ.

ಹೊಳೆಯ ನೀರು ಬಂದಾಗ

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ಬಂದಾಗ ಜಮಖಂಡಿ, ಮುಧೋಳ ಭಾಗದ ಎಷ್ಟೋ ಕುಟುಂಬಗಳು ದನಕರುಗಳೊಂದಿಗೆ ಮನೆ ಬಿಟ್ಟು ಹೋಗಿದ್ದವು. ಅಂಥ ಹೊತ್ತಿನಲ್ಲಿ ಫ್ರಿಜ್‌ನ ವಿಚಾರ ಬಿಡಿ, ಜೀವ ಮೊದಲು. ತಿರುಗಿ ಬಂದ ಮೇಲೆ ನೆರೆನೀರು ಮುಟ್ಟಿದ ಆಹಾರವನ್ನು, ಪೊಟ್ಟಣ ಕಟ್ಟಿದ್ದರೂ, ಚೆಲ್ಲಿ. ಒದ್ದೆಯಾದ ಫ್ರಿಜ್‌ಗೆ ಮೆಕ್ಯಾನಿಕ್ ನೋಡದೆ ಸ್ವಿಚ್ ಹಾಕಬೇಡಿ.

ಚೆಲ್ಲುವುದೂ ಒಂದು ಕೆಲಸ. ಕೆಟ್ಟ ಮಾಂಸ, ಎಲುಬನ್ನು ತಿಪ್ಪೆಯ ಮೇಲೆ ಎಸೆಯಬೇಡಿ. ರಂಜಕದ ಕೊರತೆಯಿರುವ ಆಕಳು, ಎಮ್ಮೆಗಳು ಎಲುಬು ಕಡಿಯುತ್ತವೆ, ಅದರಿಂದ ಬಾಟ್ಯುಲಿಸಂ ಎಂಬ ವಿಷಬಾಧೆ ತಗಲಿ ಕಾಲು ಬಿದ್ದು ಸಾಯುವುದುಂಟು. ಆಳವಾದ ಗುಂಡಿ ತೋಡಿ ಹೂಳಿ. ನಾಯಿಗೂ ಹಾಕಬೇಡಿ.

ಬಂಧುಗಳೇ, ಹಾಲು ಚೆಲ್ಲುವುದು ನಮ್ಮ ಕೈಗೆ ಒಗ್ಗುವ ಕೆಲಸವಲ್ಲ ಎಂದು ನನಗೆ ಗೊತ್ತು. ಆದರೆ ಒಂದು ಬಾಟಲಿ ಗಿಣ್ಣದ ಹಾಲಿನ ಬೆಲೆಯನ್ನೂ ಒಂದು ಹೆಣ್ಣುಗರುವಿನ ಬೆಲೆಯನ್ನೂ ನೀವೇ ತೂಗಿ ನೋಡಿ. ಕರುವಿಗೆ ಭೇದಿ ಕಂಡರೆ ಮರುದಿನದವರೆಗೆ ಕಾಯದೆ ನಮಗೆ ಫೋನ್ ಮಾಡಿ, ಇಲ್ಲವೇ ಪಶು ಸಂಜೀವಿನಿಯ 1962ಕ್ಕೆ ಕರೆ ಮಾಡಿ.

ಆ ತೋಟದ ಮನೆಗೆ ಮೊನ್ನೆ ಹೋಗಿದ್ದೆ. ಫ್ರೀಜರ್‌ನಲ್ಲಿ ಬಟ್ಟಲು ಇತ್ತು, ಬಟ್ಟಲಿನ ಮೇಲೆ ನಾಣ್ಯ ಇತ್ತು. ನೀವೂ ಇಂದು ರಾತ್ರಿಯೇ ಒಂದು ಬಟ್ಟಲು ನೀರು ಇಡಿ. ನಾಳೆ ಬೆಳಗ್ಗೆ ಹಾಲು ಹಾಕಲು ಹೊರಡುವ ಮೊದಲು ಅದರ ಮೇಲೆ ನಾಣ್ಯ ಇಟ್ಟು ಹೊರಡಿ.

— ಪಶುವೈದ್ಯಾಧಿಕಾರಿ, ಹಿಪ್ಪರಗಿ ಭಾಗ