ಜೊತೆಗಿರುವ ಆಸೆ, ಕೈಯೊಡ್ಡುವ ಭಯ

ಪ್ರಶ್ನೆ: ನನಗೆ 34 ವರ್ಷ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಒಬ್ಬಳೇ ಇದ್ದೇನೆ, ಇಲ್ಲಿಯ ಪೌರತ್ವವಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಿಂದ ಕೆಲಸ ಬಿಟ್ಟೆ. ಪಿಐಪಿ (ಅಂಗವೈಕಲ್ಯ ಭತ್ಯೆ), ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರದ ನೆರವು) ಹಣದಲ್ಲಿ ಜೀವನ ನಡೆಯುತ್ತಿದೆ. ವರ್ಕ್ ವೀಸಾದಲ್ಲಿ ಬಂದಿರುವ ಧಾರವಾಡದ ಹುಡುಗನನ್ನು ಪ್ರೀತಿಸುತ್ತಿದ್ದೇನೆ. ಒಂದೇ ಮನೆಯಲ್ಲಿರೋಣ ಅನ್ನುತ್ತಾನೆ. ಹಾಗಾದರೆ ನನ್ನ ಹಣ ನಿಲ್ಲುತ್ತದಂತೆ. ಸೋಪಿಗೂ ಅವನ ಮುಂದೆ ಕೈಯೊಡ್ಡಬೇಕೆ? 'ಯಾರಿಗೂ ಹೇಳಬೇಡ, ವಾರಕ್ಕೆ ಮೂರು ರಾತ್ರಿ ಇದ್ದರೆ ಲೆಕ್ಕಕ್ಕಿಲ್ಲ' ಅನ್ನುತ್ತಾಳೆ ಗೆಳತಿ. ಪ್ರೀತಿಯಲ್ಲೂ ದುಡ್ಡಿನ ಲೆಕ್ಕ ಹಾಕುವ ನಾನು ಸ್ವಾರ್ಥಿಯೇ?

ಉತ್ತರ: ಖಂಡಿತ ಅಲ್ಲ. ಕಾಯಿಲೆಯ ಜೊತೆಗೇ ಬಾಡಿಗೆ, ಊಟ, ಓಡಾಟ ಎಲ್ಲವನ್ನೂ ಒಬ್ಬರೇ ತೂಗಿಸಿಕೊಂಡು ಬಂದಿದ್ದೀರಿ. ತಿಂಗಳು ತಿಂಗಳು ನಿಮ್ಮ ಖಾತೆಗೆ ಬೀಳುವ ಹಣದಲ್ಲಿ, ಯಾರ ಹಂಗೂ ಇಲ್ಲದೆ ಬದುಕುವ ಧೈರ್ಯವೂ ಸೇರಿದೆ. ಅದು ಹೋಗಬಹುದು ಎಂದಾಗ ಎದೆ ಧಸಕ್ಕೆನ್ನುವುದು ಸಹಜ. ಇದೇ ಅಳುಕಿನಿಂದ ಜೊತೆಗಿರುವ ಆಸೆಯನ್ನೇ ಮುಂದೂಡುತ್ತಿರುವವರು ಇನ್ನೂ ಇದ್ದಾರೆ.

ಈ ಭಯದಲ್ಲಿ ಯಾವುದು ನಿಜ, ಯಾವುದು ಅಲ್ಲ ಎಂದು ಮೊದಲು ಬಿಡಿಸಿ ನೋಡೋಣ. ನಿಮ್ಮ ಪಿಐಪಿಗೆ ಏನೂ ಆಗುವುದಿಲ್ಲ. ಮನೆಯಲ್ಲಿ ಯಾರಿದ್ದಾರೆ, ಅವರ ಸಂಬಳವೆಷ್ಟು ಎಂಬುದು ಅದಕ್ಕೆ ಬೇಕಿಲ್ಲ. ಅದಕ್ಕೆ ತೆರಿಗೆಯೂ ಇಲ್ಲ.

ಯೂನಿವರ್ಸಲ್ ಕ್ರೆಡಿಟ್ ಮಾತು ಬೇರೆ. ಮದುವೆ ಆಗಿರಲಿ, ಬಿಡಲಿ, ದಂಪತಿಯಂತೆ ಇದ್ದರೆ ನಿಮ್ಮ ಸಂಗಾತಿಯ ಸಂಬಳ, ಉಳಿತಾಯ ಎರಡೂ ಲೆಕ್ಕಕ್ಕೆ ಬರುತ್ತವೆ. ಅವರ ವೀಸಾಕ್ಕೆ ಸರ್ಕಾರಿ ನೆರವು ಇಲ್ಲವೆಂಬ ಷರತ್ತಿದ್ದರೆ ನಿಮಗೆ ಒಬ್ಬರ ದರವೇ ಸಿಗುತ್ತದೆ, ಆದಾಯ ಮಾತ್ರ ಇಬ್ಬರದು. ವಿನಾಯಿತಿ ಮಿತಿ ಇದ್ದರೆ ಅದನ್ನು ದಾಟಿದ ಸಂಬಳದ ಪ್ರತಿ ಪೌಂಡಿಗೆ 55 ಪೆನ್ಸ್ ಕಡಿತವಾಗುತ್ತದೆ. ಇಬ್ಬರ ಉಳಿತಾಯ 16,000 ಪೌಂಡ್ ಮೀರಿದರೆ ಪೂರ್ತಿ ನಿಲ್ಲುತ್ತದೆ. ತೆರಿಗೆ ಹಾಕುವಾಗ ನಿಮ್ಮಿಬ್ಬರನ್ನು ಬೇರೆ ಬೇರೆಯಾಗಿ ಕಾಣುವ ಸರ್ಕಾರ, ನೆರವು ಕೊಡುವಾಗ ಇಬ್ಬರ ಜೇಬೂ ಒಂದೇ ಅನ್ನುತ್ತದೆ. ಅಂಗವೈಕಲ್ಯ ಇರುವವರನ್ನು ಸಂಗಾತಿಯ ಹಂಗಿಗೆ ದೂಡುವ ಈ ನಿಯಮ ನ್ಯಾಯವೆಂದು ನನಗೆ ಅನ್ನಿಸಿಲ್ಲ. ಆದರೆ ಈಗ ಇರುವುದು ಹೀಗೆ.

ಒಂಟಿಯಾಗಿರುವವರಿಗೆ ಸ್ಥಳೀಯ ಆಡಳಿತದ ಕೌನ್ಸಿಲ್ ಟ್ಯಾಕ್ಸ್‌ನಲ್ಲಿ ಸಿಗುವ 25% ರಿಯಾಯಿತಿಯೂ ಸಾಮಾನ್ಯವಾಗಿ ಹೋಗುತ್ತದೆ. ಮುಂದೆ ಮದುವೆಯಾದರೆ, ಅವರ ಆದಾಯ ಮೂಲ ದರದ ತೆರಿಗೆಯೊಳಗಿದ್ದರೆ, ದಂಪತಿಗಳ ತೆರಿಗೆ ರಿಯಾಯಿತಿಯಾದ ಮ್ಯಾರೇಜ್ ಅಲವೆನ್ಸ್‌ನಿಂದ ವರ್ಷಕ್ಕೆ 252 ಪೌಂಡ್‌ವರೆಗೆ ಉಳಿಯಬಹುದು.

ನಿಮ್ಮ ಗೆಳತಿಗೆ ನಿಮ್ಮ ಮೇಲೆ ಕಾಳಜಿ ಇದೆ. ಆದರೂ ಆ ಮಾತು ಕೇಳಬೇಡಿ. ಮೂರು ರಾತ್ರಿಯ ನಿಯಮ ಎಂಬುದೇ ಇಲ್ಲ. ಅಡುಗೆ, ಖರ್ಚು, ಸಂಬಂಧ ಎಲ್ಲವನ್ನೂ ಸೇರಿಸಿ ನೋಡಿ ಅಧಿಕಾರಿಗಳು ತೀರ್ಮಾನಿಸುತ್ತಾರೆ. ಮುಚ್ಚಿಟ್ಟದ್ದು ಗೊತ್ತಾದರೆ ಪಡೆದ ಹಣ ವಾಪಸು ಕಟ್ಟಬೇಕು, ದಂಡ, ಕೇಸು ಆಗಲೂಬಹುದು. ಬಾಗಿಲು ತಟ್ಟಿದಾಗಲೆಲ್ಲ ಬೆಚ್ಚಿಬೀಳುವ ಬದುಕು ನಿಮಗೆ ಬೇಡ.

ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಕೇಳಿ ಪಡೆಯಬೇಕಾದ ಸ್ಥಿತಿ. ಅದನ್ನು ನೀವಿಬ್ಬರೂ ಸೇರಿ ತಪ್ಪಿಸಬಹುದು. ಅವರೊಡನೆ ಕೂತು, "ನನಗೆ ಹಣ ಕೊಡುವವನಾಗಬೇಡ, ಮನೆಯ ಹಣವನ್ನು ಇಬ್ಬರೂ ಸೇರಿ ಹಂಚಿಕೊಳ್ಳೋಣ" ಎಂದು ನೇರವಾಗಿ ಹೇಳಿ. ನಿಮ್ಮ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ. ಪ್ರತಿ ತಿಂಗಳು ಒಪ್ಪಿದ ಮೊತ್ತ ಸ್ಟ್ಯಾಂಡಿಂಗ್ ಆರ್ಡರ್ ಮೂಲಕ ತಾನಾಗಿಯೇ ಅದಕ್ಕೆ ಬರಲಿ. ಪಿಐಪಿ ಹಣ ಬಾಡಿಗೆಗೆ ಹೋಗದಿರಲಿ, ಅದು ನಿಮ್ಮ ದೇಹದ ಅಗತ್ಯಕ್ಕೆ ಮೀಸಲು. ಪ್ರೀತಿಸುವವರು ಇದನ್ನು ಅವಮಾನ ಎಂದುಕೊಳ್ಳಲಾರರು. ಯಾವತ್ತಾದರೂ ಹಣ ಹಿಡಿದಿಟ್ಟು ನಿಮ್ಮನ್ನು ಬಗ್ಗಿಸುವ ಲಕ್ಷಣ ಕಂಡರೆ, ಅದನ್ನೂ ದೌರ್ಜನ್ಯವೆಂದೇ ಇಲ್ಲಿಯ ಕಾನೂನು ಹೇಳುತ್ತದೆ.

ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ. ಯೂನಿವರ್ಸಲ್ ಕ್ರೆಡಿಟ್ ನಿಂತರೆ ಪಿಂಚಣಿಗೆ ಜಮೆಯಾಗುವ ನ್ಯಾಷನಲ್ ಇನ್ಶೂರೆನ್ಸ್ ಕ್ರೆಡಿಟ್ ಕೂಡ ನಿಲ್ಲುತ್ತದೆ. ಅನಾರೋಗ್ಯದಿಂದ ಕೆಲಸ ಮಾಡಲಾಗದವರಿಗಿರುವ ನ್ಯೂ ಸ್ಟೈಲ್ ಇಎಸ್‌ಎಗೆ ಅರ್ಜಿ ಹಾಕಿದರೆ, ಹಣ ಬಾರದಿದ್ದರೂ ಕ್ರೆಡಿಟ್ ಸಿಗಬಹುದು. ಅಕಸ್ಮಾತ್ ನೀವಿಬ್ಬರೂ ಬೇರೆಯಾದರೆ ಒಬ್ಬರೇ ಮತ್ತೆ ಯೂನಿವರ್ಸಲ್ ಕ್ರೆಡಿಟ್ ಕೇಳಬಹುದು.

ಈ ವಾರವೇ ಸಲಹಾ ಸಂಸ್ಥೆಯಾದ ಸಿಟಿಜನ್ಸ್ ಅಡ್ವೈಸ್‌ನವರಿಂದ ನಿಮ್ಮಿಬ್ಬರ ಪೂರ್ತಿ ಲೆಕ್ಕ ಹಾಕಿಸಿ, ಅಲ್ಲಿ ಶುಲ್ಕವಿಲ್ಲ. ಸಂಗಾತಿಯ ವೀಸಾದ ಪ್ರಶ್ನೆಗಳನ್ನು ನೋಂದಾಯಿತ ವಲಸೆ ಸಲಹೆಗಾರರಿಗೇ ಬಿಡಿ. ಮನೆ ಸೇರುವ ತಾರೀಖನ್ನು ಆ ಲೆಕ್ಕ ಕೈಗೆ ಬಂದ ಮೇಲೆ ಇಬ್ಬರೂ ಕೂತು ಗೊತ್ತುಮಾಡಿ.