ಅಲೈನ್‌ಮೆಂಟ್ ಆದ ಮೇಲೂ ಸ್ಟೇರಿಂಗ್ ಓರೆ: ಗಾಡಿ ಮಾಲೀಕರ ಹಕ್ಕೇನು?

ವಿಜಯನಗರ ಜಿಲ್ಲೆಯ ನೀಲಗುಂದದಿಂದ ದಾವಣಗೆರೆಗೆ ಹೋಗಿ ಕಾರಿಗೆ ವೀಲ್ ಅಲೈನ್‌ಮೆಂಟ್ ಮಾಡಿಸಿಕೊಂಡು ಬರುತ್ತೀರಿ. ಊರು ಮುಟ್ಟುವಷ್ಟರಲ್ಲಿ ಗಮನಕ್ಕೆ ಬರುತ್ತದೆ: ಗಾಡಿ ನೆಟ್ಟಗೆ ಓಡುತ್ತಿದೆ, ಸ್ಟೇರಿಂಗ್ ಮಾತ್ರ ಬಲಕ್ಕೆ ವಾಲಿದೆ. ಅಂಗಡಿಗೆ ಫೋನ್ ಮಾಡಿದರೆ, ‘ಸ್ವಲ್ಪ ದಿನ ಓಡಿಸಿ, ಸರಿಹೋಗುತ್ತೆ’ ಎನ್ನುತ್ತಾರೆ. ಸರಿಹೋಗುವುದಿಲ್ಲ. ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡನ್ನು ಯಾರಾದರೂ ಕೈಯಿಟ್ಟು ತಿರುಗಿಸಿದರೆ ಮಾತ್ರ ಅದರ ಅಳತೆ ಬದಲಾಗುತ್ತದೆ. ಹಣ ಕೊಟ್ಟು ಪಡೆದ ಸೇವೆಯಲ್ಲಿ ಕೊರತೆ ಉಳಿದಿದೆ ಎಂದರೆ ಅದನ್ನು ಮತ್ತೆ ಹಣ ಕೇಳದೆ ಸರಿಪಡಿಸಿಕೊಡಿ ಎನ್ನುವುದು ಉಪಕಾರ ಬೇಡಿದಂತಲ್ಲ, ಕಾನೂನು ಕೊಟ್ಟ ಹಕ್ಕು.

ಹಕ್ಕು ಕೇಳುವ ಮೊದಲು ತಪ್ಪು ಎಲ್ಲಾಗಿದೆ ಎಂದು ತಿಳಿದಿರಬೇಕು. ಮುಂದಿನ ಎರಡು ಚಕ್ರಗಳ ದಿಕ್ಕು ಒಂದಕ್ಕೊಂದು ಹೊಂದುವಂತೆ ಮಾಡುವುದನ್ನು ಟೋ ಸೆಟ್ ಮಾಡುವುದು ಎನ್ನುತ್ತಾರೆ. ಇದನ್ನು ಎಡ ಮತ್ತು ಬಲ ಟೈ ರಾಡ್‌ಗಳಲ್ಲಿ ಹೊಂದಿಸಬೇಕು. ಕೆಲಸ ಶುರುಮಾಡುವ ಮುನ್ನ ಟೈರಿನ ಗಾಳಿ ನೋಡಿ, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಸವೆದಿವೆಯೇ ಎಂದು ಪರೀಕ್ಷಿಸಿ, ಸ್ಟೇರಿಂಗನ್ನು ನಡುವಿಗೆ ತಂದು ಅಲುಗಾಡದಂತೆ ಹಿಡಿಕೆ ಹಾಕಿ ನಿಲ್ಲಿಸಬೇಕು. ಅವಸರದಲ್ಲಿ ಇದನ್ನು ಬಿಟ್ಟರೆ, ಅಥವಾ ಎರಡೂ ಕಡೆ ಮಾಡಬೇಕಾದ ಹೊಂದಾಣಿಕೆಯನ್ನು ಒಂದೇ ಕಡೆ ಮಾಡಿದರೆ, ಒಟ್ಟು ಟೋ ಲೆಕ್ಕ ಸರಿಬರುತ್ತದೆ, ಸ್ಟೇರಿಂಗ್ ಮಾತ್ರ ಓರೆಯಾಗಿ ಉಳಿಯುತ್ತದೆ. ಮರಳಿ ನಡುವಿಗೆ ತರಲು ಒಂದು ಕಡೆಯ ಟೈ ರಾಡನ್ನು ಉದ್ದ ಮಾಡಿದಷ್ಟೇ ಇನ್ನೊಂದನ್ನು ಗಿಡ್ಡ ಮಾಡಬೇಕು. ಸರಿಯಾದ ರಿಪೇರಿ ಇದು.

ಕೆಲವರು ಇದಕ್ಕೊಂದು ಅಡ್ಡದಾರಿ ಹಿಡಿಯುತ್ತಾರೆ. ಸ್ಟೇರಿಂಗ್ ಚಕ್ರವನ್ನೇ ಬಿಚ್ಚಿ, ಒಂದು ಹಲ್ಲು ಆಚೀಚೆ ಸರಿಸಿ ಕೂರಿಸುತ್ತಾರೆ. ಇದಕ್ಕೆ ಒಪ್ಪಬೇಡಿ. ಈಗಿನ ಕಾರುಗಳಲ್ಲಿ ಅದರೊಳಗೆ ಏರ್‌ಬ್ಯಾಗ್ ಇರುತ್ತದೆ. ಹಾಗೆ ಮಾಡಿದರೆ ನೋಡಲಿಕ್ಕೆ ನೆಟ್ಟಗಾದರೂ ಒಳಗಿನ ಸ್ಟೇರಿಂಗ್ ರ್‍ಯಾಕ್ ನಡುವಿನಿಂದ ಸರಿದೇ ಇರುತ್ತದೆ. ಇಎಸ್‌ಸಿ (ಗಾಡಿ ಜಾರದಂತೆ ಹತೋಟಿಯಲ್ಲಿಡುವ ವ್ಯವಸ್ಥೆ) ಇರುವ ಹೊಸ ಕಾರುಗಳಲ್ಲಿ ಸ್ಟೇರಿಂಗ್ ಎಷ್ಟು ತಿರುಗಿದೆ ಎಂದು ಅಳೆಯುವ ಸೆನ್ಸರ್ ಬೇರೆ ಇರುತ್ತದೆ. ಅಂಥ ಹಲವು ಗಾಡಿಗಳಲ್ಲಿ ಅಲೈನ್‌ಮೆಂಟ್ ನಂತರ ಅದನ್ನು ಸೊನ್ನೆಗೆ ತರಬೇಕಾಗುತ್ತದೆ.

ಇನ್ನೊಂದನ್ನೂ ಗಮನಿಸಬೇಕು. ಸ್ಟೇರಿಂಗ್ ಓರೆಯಿದ್ದು ಗಾಡಿ ನೇರ ಹೋಗುವುದು ಒಂದು ದೋಷ, ಕೈ ಸಡಿಲಿಸಿದರೆ ಗಾಡಿಯೇ ಒಂದು ಕಡೆ ಎಳೆಯುವುದು ಬೇರೆ ದೋಷ. ಎಳೆತಕ್ಕೆ ಟೈರು, ಬ್ರೇಕು, ಗಾಳಿ, ಎಷ್ಟೋ ಕಾರಣ. ಮಳೆನೀರು ಹರಿಯಲೆಂದು ರಸ್ತೆಯನ್ನು ಅಂಚಿನ ಕಡೆ ಇಳಿಜಾರು ಮಾಡಿರುವುದರಿಂದ ಎಡಕ್ಕೆ ತುಸು ಎಳೆದಂತೆ ಅನಿಸುವುದೂ ಉಂಟು. ಸಮತಟ್ಟಾದ ಜಾಗದಲ್ಲಿ ಓಡಿಸಿ ನೋಡದೆ ಯಾರ ಮೇಲೂ ತಪ್ಪು ಹೊರಿಸಬೇಡಿ.

ಈಗ ಕಾನೂನಿಗೆ ಬರೋಣ. ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಜಾರಿಗೆ ಬಂದದ್ದು 2020ರ ಜುಲೈ 20ರಂದು. ಸೇವೆಯ ಗುಣಮಟ್ಟದಲ್ಲಿ ಅಥವಾ ಅದನ್ನು ಮಾಡಿದ ರೀತಿಯಲ್ಲಿ ಇರುವ ಕುಂದನ್ನು ಅದರ 2(11)ನೇ ಕಲಂ ‘ಸೇವಾ ನ್ಯೂನತೆ’ ಎನ್ನುತ್ತದೆ. ಗ್ರಾಹಕರಿಗೆ ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ಇದರಲ್ಲಿ ಸೇರಿದೆ. ಟೈ ರಾಡ್ ಎಂಡ್ ಸವೆದಿರುವುದನ್ನು ಕಂಡೂ ಹೇಳದೆ ಹಣ ತೆಗೆದುಕೊಂಡು ಕಳಿಸಿದ್ದರೆ ಈ ಮಾತು ಅನ್ವಯಿಸುತ್ತದೆ. ಬಿಲ್ ಕೊಡದಿರುವುದನ್ನು 2(47)ನೇ ಕಲಂ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆದಿದೆ. ‘ಜಿಎಸ್‌ಟಿ ಬೇಡ ಅಂದ್ರೆ ಕಡಿಮೆ ಮಾಡ್ತೀನಿ’ ಎಂಬ ಮಾತಿಗೆ ಬಿದ್ದು ಬಿಲ್ ಬಿಟ್ಟುಬಂದವರು ನಾಳೆ ಗ್ರಾಹಕರ ಆಯೋಗದ ಮುಂದೆ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ.

ಏಕೆಂದರೆ ಸೇವೆಯಲ್ಲಿ ನ್ಯೂನತೆ ಇತ್ತು ಎಂದು ಸಾಬೀತು ಮಾಡುವ ಹೊಣೆ ದೂರುದಾರನದೇ. ಎಸ್‌ಜಿಎಸ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ನಮ್ಮಲ್ಲಿ ಜನ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಅಲೈನ್‌ಮೆಂಟಿನಲ್ಲಿ ಪುರಾವೆ ಸಿಗುವುದು ಮಾತ್ರ ಸುಲಭ. ಕಂಪ್ಯೂಟರ್ ಯಂತ್ರ ಕೆಲಸಕ್ಕೆ ಮುಂಚಿನ ಮತ್ತು ನಂತರದ ಅಳತೆಗಳನ್ನು ಮುದ್ರಿಸಿ ಕೊಡಬಲ್ಲದು. ಆ ಹಾಳೆ ಕೇಳಿ ಪಡೆಯಿರಿ. ಎಡ ಚಕ್ರದ ಟೋ, ಬಲ ಚಕ್ರದ ಟೋ ಬೇರೆಬೇರೆಯಾಗಿ ಎಷ್ಟಿದೆ ಎಂದು ಅದರಲ್ಲೇ ಕಾಣುತ್ತದೆ. ನೇರ ರಸ್ತೆಯಲ್ಲಿ ಓಡುವಾಗ ಸ್ಟೇರಿಂಗ್ ಹೇಗೆ ವಾಲಿರುತ್ತದೆ ಎಂಬುದನ್ನು ಪಕ್ಕದಲ್ಲಿ ಕೂತವರಿಂದ ವಿಡಿಯೊ ಮಾಡಿಸಿ, ಓಡಿಸುವವರು ಮೊಬೈಲ್ ಮುಟ್ಟುವುದು ಬೇಡ. ಓಡೋಮೀಟರ್ ತೋರಿಸುವ ಕಿಲೋಮೀಟರನ್ನೂ ಬರೆದಿಡಿ. ದೂರು ಅಲ್ಲಿಗೇ ಮುಗಿಯದಿದ್ದರೆ ಬೇರೊಂದು ಕೇಂದ್ರದಲ್ಲಿ ಅಳತೆ ಮಾತ್ರ ತೆಗೆಸಿ, ಅದರ ಹಾಳೆಯನ್ನೂ ಬಿಲ್ಲನ್ನೂ ಇಟ್ಟುಕೊಳ್ಳಿ. ಆದರೆ ಮೊದಲ ಅಂಗಡಿಗೆ ತಿಳಿಸುವ ಮುನ್ನ ಬೇರೆಡೆ ರಿಪೇರಿ ಮಾಡಿಸಿಬಿಡಬೇಡಿ. ಹಾಗೆ ಮಾಡಿದರೆ ತಪ್ಪು ಯಾರದೆಂದು ತೋರಿಸುವುದು ಕಷ್ಟವಾಗುತ್ತದೆ.

ಮೊದಲು ಅಂಗಡಿಗೇ ಹೋಗಿ. ಮಾಡಿದ ಕೆಲಸದ ಮೇಲೆ ಅಭಿಮಾನ ಇರುವ ಮೆಕ್ಯಾನಿಕ್ ಹಣ ಕೇಳದೆ ಮತ್ತೆ ಮಾಡಿಕೊಡುತ್ತಾನೆ. ಹಾಗೆ ಮಾಡಿಕೊಟ್ಟ ಮೇಲೂ ಜಗಳ ಮುಂದುವರಿಸುವುದು ನ್ಯಾಯವಲ್ಲ. ನಿರಾಕರಿಸಿದರೆ ಮಾತ್ರ ಬರಹದಲ್ಲಿ ಕೇಳಿ. ದಿನಾಂಕ, ಬಿಲ್ ಸಂಖ್ಯೆ, ಗಾಡಿ ನಂಬರು, ದೋಷದ ವಿವರ ಮತ್ತು ನಿಮ್ಮ ಬೇಡಿಕೆಯನ್ನು ಬರೆದು, ಹದಿನೈದು ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರವಿಲ್ಲ, ಎದುರು ಕಡೆಯವರೊಂದಿಗೆ ರಾಜಿಗೆ ಯತ್ನಿಸುತ್ತದೆ ಅಷ್ಟೆ.

ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗವಿದೆ. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯವರಿಗೆ 2019ರ ಕಾಯ್ದೆ ಮಾಡಿಕೊಟ್ಟ ದೊಡ್ಡ ಅನುಕೂಲ 34ನೇ ಕಲಮಿನಲ್ಲಿದೆ. 1986ರ ಹಳೆಯ ಕಾಯ್ದೆಯಲ್ಲಿ ದೂರುದಾರ ವಾಸಿಸುವ ಜಾಗಕ್ಕೆ ಲೆಕ್ಕವಿರಲಿಲ್ಲ. ಅಂಗಡಿ ಇರುವ ಕಡೆ ಅಥವಾ ವ್ಯಾಜ್ಯ ಹುಟ್ಟಿದ ಕಡೆ ದೂರು ಕೊಡಬೇಕಿತ್ತು. ಈಗ ದೂರುದಾರ ವಾಸಿಸುವ ಅಥವಾ ದುಡಿಯುವ ಜಾಗದ ವ್ಯಾಪ್ತಿಯ ಆಯೋಗದಲ್ಲೇ ಕೊಡಬಹುದು. ಅಂಗಡಿ ದಾವಣಗೆರೆ ಜಿಲ್ಲೆಯಲ್ಲಿದ್ದರೂ ವಿಜಯನಗರ ಜಿಲ್ಲೆಯ ನೀಲಗುಂದದವರು ಅಲ್ಲಿಗೆ ಅಲೆಯಬೇಕಿಲ್ಲ. ಆನ್‌ಲೈನ್‌ನಲ್ಲೂ ದೂರು ಸಲ್ಲಿಸಬಹುದು, ವಿಡಿಯೊ ಕಾನ್ಫರೆನ್ಸ್ ಮೂಲಕ ವಿಚಾರಣೆಗೆ ಕೋರಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ. ಬೇಕೆನಿಸಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ.

ಬೊಲೆರೊ ಪಿಕಪ್, ಟಾಟಾ ಏಸ್ ಇಟ್ಟುಕೊಂಡು ಮೆಕ್ಕೆಜೋಳ ಸಾಗಿಸುವವರಿಗೆ ‘ನಿಮ್ಮದು ಬಾಡಿಗೆ ಗಾಡಿ, ಗ್ರಾಹಕರ ಕೋರ್ಟಿಗೆ ಹೋಗುವಂತಿಲ್ಲ’ ಎಂದು ಹೆದರಿಸುವವರಿದ್ದಾರೆ. ಈ ಮಾತು ಎಲ್ಲರಿಗೂ ಅನ್ವಯಿಸುವುದಿಲ್ಲ. ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಯನ್ನು ಕಾಯ್ದೆ ಹೊರಗಿಟ್ಟಿದೆ ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ಬಳಸುವ ಸರಕನ್ನು ವಾಣಿಜ್ಯ ಎನ್ನುವಂತಿಲ್ಲ. ತಾನೇ ಓಡಿಸಿ ಬದುಕಲು ಆಟೊ ಅಥವಾ ಲಾರಿ ಕೊಂಡವನು ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 1995ರ ಲಕ್ಷ್ಮಿ ಎಂಜಿನಿಯರಿಂಗ್ ತೀರ್ಪಿನಲ್ಲಿ ಉದಾಹರಣೆ ಕೊಟ್ಟೇ ವಿವರಿಸಿದೆ. ದೂರಿನಲ್ಲಿ ‘ನಾನೇ ಓಡಿಸುತ್ತೇನೆ, ಇದೇ ನನ್ನ ಜೀವನೋಪಾಯ’ ಎಂದು ತಪ್ಪದೆ ಬರೆಯಿರಿ. ಹತ್ತಾರು ಲಾರಿಗೆ ಚಾಲಕರನ್ನಿಟ್ಟು ವ್ಯವಹಾರ ನಡೆಸುವವರಿಗೆ ಈ ರಕ್ಷಣೆ ಸಿಗುವುದು ಕಷ್ಟ, ಅವರು ಸಿವಿಲ್ ಕೋರ್ಟಿಗೆ ಹೋಗಬೇಕಾದೀತು.

ಆಯೋಗವು ನೀವು ಕೊಟ್ಟ ಹಣವನ್ನು ವಾಪಸ್ ಮಾಡಿಸಬಹುದು, ಕೊರತೆ ಸರಿಪಡಿಸಲು ಆದೇಶಿಸಬಹುದು, ಅಲೈನ್‌ಮೆಂಟ್ ತಪ್ಪಿದ್ದರಿಂದಲೇ ಟೈರಿನ ಒಳ ಅಂಚು ಸವೆದು ಹೋಯಿತೆಂದು ತೋರಿಸಿದರೆ ಅದಕ್ಕೂ ಪರಿಹಾರ ಕೊಡಿಸಬಹುದು. ಆದೇಶ ಪಾಲಿಸದವರಿಗೆ 72ನೇ ಕಲಮಿನಡಿ ಒಂದು ತಿಂಗಳಿಗೆ ಕಡಿಮೆಯಿಲ್ಲದಂತೆ 3 ವರ್ಷದವರೆಗೆ ಜೈಲು, ಅಥವಾ 25,000 ರೂಪಾಯಿಯಿಂದ 1 ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ದೂರು ಕೊಡಲು ಇರುವ ಕಾಲಾವಕಾಶ 2 ವರ್ಷ.

ಮಾಲೀಕರಿಗೂ ಹೊಣೆ ಇದೆ. ಕೇಂದ್ರ ಮೋಟಾರು ವಾಹನ ನಿಯಮ 98ರ ಪ್ರಕಾರ ಸ್ಟೇರಿಂಗ್ ಸುಸ್ಥಿತಿಯಲ್ಲಿರಬೇಕು, ಅದರ ಸಡಿಲ ಆಟ 30 ಡಿಗ್ರಿ ಮೀರಬಾರದು. ಅಪಾಯ ತರುವ ದೋಷ ಗೊತ್ತಿದ್ದೂ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ 1,500 ರೂಪಾಯಿವರೆಗೆ ದಂಡ. ಅದರಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗೆ ಜೈಲೂ ಆಗಬಹುದು. ಹೊಸಪೇಟೆ–ಚಿತ್ರದುರ್ಗ ಹೆದ್ದಾರಿಯಲ್ಲಿ ಗಾಡಿ ಓಡಿಸುವವರು ಎಳೆತವನ್ನೋ ಸಡಿಲವನ್ನೋ ‘ಆಮೇಲೆ ನೋಡೋಣ’ ಎಂದು ಬಿಡುವಂತಿಲ್ಲ.

ಮುಂದಿನ ಸಲ ಅಲೈನ್‌ಮೆಂಟ್ ಮಾಡಿಸಿದಾಗ ಹಣ ಕೊಡುವ ಮುನ್ನ ನೆಟ್ಟಗಿನ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ನೋಡಿ. ಬಿಲ್ಲು ಮತ್ತು ಅಳತೆಯ ಹಾಳೆ ಕೈಗೆ ಬರುವವರೆಗೆ ಅಂಗಡಿ ಬಿಟ್ಟು ಹೊರಡಬೇಡಿ.